ನೀಲಿಗೂ ಹಳದಿಗೂ ನಡುವೆ ಬಂದ ಬೂದು

ಉಷ್ಣಾಂಶ ತೋರಿಸಲು ಒಂದು ಬಣ್ಣದ ಪಟ್ಟಿ ಬೇಕಿತ್ತು. ಪ್ರೋಗ್ರಾಮಿಂಗ್ ಭಾಷೆಯಾದ ಸಿ ಶಾರ್ಪ್‌ನಲ್ಲಿ ಬರೆದ ವಿಂಡೋಸ್ ಫಾರ್ಮ್ಸ್ ಅಪ್ಲಿಕೇಶನ್ ಅದು. ತಂಪಿಗೆ ನೀಲಿ, ಸೆಕೆಗೆ ಹಳದಿ. ಒಂದು ಬಣ್ಣದಿಂದ ಇನ್ನೊಂದಕ್ಕೆ ನಿಧಾನಕ್ಕೆ ಹೋಗುವಂತೆ ಬಳಿಯುವ ಲೀನಿಯರ್‌ಗ್ರೇಡಿಯಂಟ್‌ಬ್ರಷ್‌ಗೆ ಎರಡು ಬಣ್ಣ ಕೊಟ್ಟೆ. ಓಡಿಸಿ ನೋಡಿದರೆ ಪಟ್ಟಿಯ ನಡುವೆ ಬೂದಿ ಬಳಿದ ಹಾಗಿತ್ತು.

ಮೊದಲು ಮಾನಿಟರ್ ಮೇಲೆ ಅನುಮಾನ ಬಂತು. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು 0ಯಿಂದ 255ರ ತನಕ ಬರೆದರೆ, ನೀಲಿ ಅಂದರೆ 0, 0, 255. ಹಳದಿ ಅಂದರೆ 255, 255, 0. ಬ್ರಷ್ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿ ನಿಧಾನಕ್ಕೆ ಬದಲಿಸುತ್ತಾ ಹೋಗುತ್ತದೆ. ಅರ್ಧ ದಾರಿಯಲ್ಲಿ ಮೂರೂ 127ರ ಹತ್ತಿರ ಬಂದು ಸೇರುತ್ತವೆ. ಮೂರೂ ಸಮ ಆದರೆ ಬೂದು, ಅಲ್ವಾ? ಡ್ರಾಯಿಂಗ್ ಕ್ಲಾಸಿನಲ್ಲಿ ಕಲಸಿದಾಗ ಬಂದ ಹಸಿರು ಇಲ್ಲಿ ತಾನಾಗಿ ಬರುವುದಿಲ್ಲ.

ನಡುವಿನ ಬಣ್ಣಗಳ ಹೊಳಪು ಸರಿಪಡಿಸುವ ಗಾಮಾಕರೆಕ್ಷನ್ ಅನ್ನುವ ಆಯ್ಕೆ ಆನ್ ಮಾಡಿದೆ. ಬೂದು ಸ್ವಲ್ಪ ತಿಳಿಯಾಯಿತು, ಹೋಗಲಿಲ್ಲ. ಕೆಂಪಿನಿಂದ ಹಸಿರಿಗೆ ಹೋಗುವಂಥ ಕಡೆ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅಲ್ಲಿ ನಡುವಿನ ಮಂಕು ಬಣ್ಣ ಹೊಳಪಿನ ಹಳದಿ ಆಗುತ್ತದೆ.

ನನಗೆ ದಾರಿ ಸಿಕ್ಕಿದ್ದು, ಬ್ರಷ್‌ಗೆ ಎರಡಕ್ಕಿಂತ ಹೆಚ್ಚು ಬಣ್ಣ ಕೊಡಲು ಬಿಡುವ ಕಲರ್‌ಬ್ಲೆಂಡ್‌ನಲ್ಲಿ. ಬಣ್ಣಗಳ ಒಂದು ಸಾಲು, ಅವು ನಿಲ್ಲಬೇಕಾದ ಜಾಗಗಳ ಇನ್ನೊಂದು ಸಾಲು. ಜಾಗದ ಸಾಲು 0ಯಿಂದ ಶುರುವಾಗಿ 1ಕ್ಕೆ ಮುಗಿಯಲೇಬೇಕು. ನಾನು 0.1ರಿಂದ ಶುರು ಮಾಡಿ ಎರರ್ ತಿಂದೆ. ಕೊನೆಗೆ ನಾಲ್ಕು ಬಣ್ಣ ಇಟ್ಟೆ: ಕಡು ನೀಲಿ, 0.35ರಲ್ಲಿ ನವಿಲು ಬಣ್ಣ, 0.65ರಲ್ಲಿ ಎಳೆ ಬಾಳೆಲೆಯ ಹಸಿರು, ತುದಿಗೆ ಹಳದಿ. ಈ ಅಂಕಿಗಳು ಯಾವ ಸೂತ್ರದಿಂದಲೂ ಬಂದಿಲ್ಲ. ಒಂದು ಇಡೀ ಸಂಜೆ ಜರುಗಿಸಿ ಜರುಗಿಸಿ, ಕಣ್ಣಿಗೆ ಎಲ್ಲೂ ತಡೆಯಾಗದಿರುವ ತನಕ ನೋಡಿದೆ. ಆ ಸಂಜೆ ನನಗೆ ತುಂಬಾ ಇಷ್ಟವಾಗಿತ್ತು.

ಕಿಟಕಿಯನ್ನು ಮಿನಿಮೈಸ್ ಮಾಡಿದಾಗ ಪ್ರೋಗ್ರಾಂ ಬಿದ್ದುಹೋಯಿತು. ಆಗ ಪಟ್ಟಿಯ ಅಳತೆ ಸೊನ್ನೆ, ಸೊನ್ನೆ ಅಗಲದ ಆಯತಕ್ಕೆ ಬ್ರಷ್ ಹುಟ್ಟುವುದಿಲ್ಲ. ಪಟ್ಟಿ ಬಿಡಿಸುವ ಕೋಡ್ ಆದ ಆನ್‌ಪೇಂಟ್‌ನ ಮೊದಲ ಸಾಲಲ್ಲೇ ಅದನ್ನು ನೋಡಿ ವಾಪಸ್ ಬರುವಂತೆ ಮಾಡಿದೆ. ಒಂದೊಂದು ಅಳತೆಯಲ್ಲಿ ಹಳದಿ ಅಂಚಿಗೆ ಕೂದಲೆಳೆಯಷ್ಟು ನೀಲಿ ಗೆರೆಯೂ ಕಾಣಿಸುತ್ತಿತ್ತು. ಬ್ರಷ್ ತನ್ನ ಆಯತ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಅದಕ್ಕೆ. ಬ್ರಷ್‌ನ ಆಯತವನ್ನು ಎಲ್ಲ ಕಡೆ ಒಂದೊಂದು ಪಿಕ್ಸೆಲ್ ಹಿಗ್ಗಿಸಿದೆ, ಗೆರೆ ಹೋಯಿತು.

ಪಟ್ಟಿಯ ಪಕ್ಕದ ಉಷ್ಣಾಂಶದ ಅಂಕಿಗೂ ಅದೇ ಬಣ್ಣ ಬೇಕಿತ್ತು. ಲೆಕ್ಕವನ್ನು ಇನ್ನೊಮ್ಮೆ ಬರೆಯುವ ಬದಲು, ಪಟ್ಟಿಯ ಬಣ್ಣದ ಹರಿವನ್ನು, ಅಂದರೆ ಗ್ರೇಡಿಯಂಟ್ ಅನ್ನು, 256 ಪಿಕ್ಸೆಲ್ ಅಗಲದ ಒಂದು ಚಿತ್ರದಲ್ಲಿ, ಅಂದರೆ ಬಿಟ್‌ಮ್ಯಾಪ್‌ನಲ್ಲಿ ಒಂದೇ ಸಲ ಬಿಡಿಸಿಟ್ಟೆ. ಉಷ್ಣಾಂಶಕ್ಕೆ ತಕ್ಕ ಪಿಕ್ಸೆಲ್ ಅನ್ನು ಈಗ ಅಲ್ಲಿಂದಲೇ ಓದುತ್ತೇನೆ.