ಅಂಚಿನಲ್ಲಿ ಹೆಸರಿಲ್ಲದ ಎರಡು ಪದಕಗಳು

ಹಳೆಯ ಬ್ರಿಟಿಷ್ ಪದಕ ಕೈಗೆ ಬಂದೊಡನೆ ಅದನ್ನು ಓರೆಯಾಗಿ ಹಿಡಿದು ಅಂಚು ನೋಡುವುದು ನನ್ನ ರೂಢಿ. ಪಡೆದವರ ಹೆಸರು, ಹುದ್ದೆ, ಹಡಗು ಸಾಮಾನ್ಯವಾಗಿ ಅಲ್ಲಿರುತ್ತವೆ. ವಿಕ್ಟೋರಿಯಾ ರಾಣಿಯ ಕಾಲದ ನೌಕಾಪಡೆಯ ಸರ್ಜನ್ ಒಬ್ಬರ ಎರಡು ಬೆಳ್ಳಿ ಪದಕಗಳನ್ನು ಅವರ ವಂಶಸ್ಥರು ಪರಿಶೀಲನೆಗೆ ಕೊಟ್ಟಾಗ ಎರಡರ ಅಂಚೂ ಬೋಳಾಗಿತ್ತು. ಒಂದು, ರಷ್ಯಾ ವಿರುದ್ಧ ಬಾಲ್ಟಿಕ್ ಸಮುದ್ರದಲ್ಲಿ ನಡೆದ ಕಾರ್ಯಾಚರಣೆಗೆ ಕೊಟ್ಟ 1854–55ರ ಬಾಲ್ಟಿಕ್ ಪದಕ. ಇನ್ನೊಂದು ಎರಡನೆಯ ಅಫೀಮು ಯುದ್ಧದ ಚೀನಾ ಪದಕ. ಅದರ ಮೇಲೆ ‘ಕ್ಯಾಂಟನ್ 1857’ ಎಂಬ ಕ್ಲಾಸ್ಪ್, ಅಂದರೆ ಕದನದ ಹೆಸರು (ಇಲ್ಲಿ ಚೀನಾದ ಕ್ಯಾಂಟನ್ ನಗರದ್ದು) ಹೊತ್ತ ಸಣ್ಣ ಬೆಳ್ಳಿ ಪಟ್ಟಿ.

ಹೆಸರಿಲ್ಲದ್ದು ನಕಲಿಯೆಂದು ಹಲವರು ಭಾವಿಸುತ್ತಾರೆ. ಆದರೆ ನೌಕಾಪಡೆಯವರಿಗೆ ಈ ಎರಡೂ ಪದಕಗಳನ್ನು ಸಾಮಾನ್ಯವಾಗಿ ಹೆಸರಿಲ್ಲದೆಯೇ ಕೊಡಲಾಗಿತ್ತು. ಕೆಲವರು ಸ್ವಂತ ಖರ್ಚಿನಲ್ಲಿ ಕೆತ್ತಿಸಿಕೊಂಡರು. ಬೋಳು ಅಂಚಿನ ಮೇಲೆ ಇಂದೂ ಯಾರು ಬೇಕಾದರೂ ಕೆತ್ತಿಸಬಹುದಾದ್ದರಿಂದ, ತೀರಾ ಹೊಳೆಯುವ ಅಕ್ಷರ ಕಂಡರೆ ನನಗೆ ಅನುಮಾನ ಹೆಚ್ಚುತ್ತದೆ.

ಮೊದಲು ವ್ಯಾಸ ಅಳೆದೆ: 36 ಮಿಲಿಮೀಟರ್. ಅಚ್ಚಿಗೆ ಸುರಿದು ಮಾಡಿದ ನಕಲು ತಣಿಯುವಾಗ ಕುಗ್ಗಿ ತುಸು ಚಿಕ್ಕದಾಗುತ್ತದೆ. ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ರಾಣಿಯ ಕೂದಲಿನ ಎಳೆಗಳು ಬಿಡಿಬಿಡಿಯಾಗಿ ಕಂಡವು, ಸುರಿದ ನಕಲಿನಲ್ಲಿ ಕಾಣುವ ಸೂಜಿಮೊನೆಯಂಥ ಗುಳಿಗಳು ಮೇಲ್ಮೈಯಲ್ಲಿರಲಿಲ್ಲ. ಚೀನಾ ಪದಕದ ಮೊದಲ ರಿಬ್ಬನ್ ಐದು ಬಣ್ಣದ್ದು, ಆಮೇಲಿನದು ಹಳದಿ ಅಂಚಿನ ಕಡುಗೆಂಪು. ಇಲ್ಲಿದ್ದುದು ಎರಡನೆಯದು. ರಿಬ್ಬನ್ ಹರಿದರೆ ಬದಲಿಸುತ್ತಿದ್ದರು, ಹಾಗಾಗಿ ಅದನ್ನು ಸಾಕ್ಷಿಯಾಗಿ ನಾನು ಎಣಿಸುವುದಿಲ್ಲ.

ಪದಕಗಳು ಅಸಲಿ ಎಂದಾಯಿತು. ಅವು ಇವರದೇ ಎನ್ನಲು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಮೊರೆ ಹೋಗಬೇಕಿತ್ತು. ನೌಕಾಪಡೆಯ ಅಧಿಕಾರಿಗಳ ಅಧಿಕೃತ ಪಟ್ಟಿಯಾದ ‘ನೇವಿ ಲಿಸ್ಟ್’ನಲ್ಲಿ ಸರ್ಜನ್ ಯಾವಾಗ ಯಾವ ಹಡಗಿನಲ್ಲಿದ್ದರೆಂದು ಗುರುತು ಹಾಕಿಕೊಂಡೆ. ನಂತರ ಎಡಿಎಂ 171 ಸಂಗ್ರಹದ ಪದಕ ವಹಿಗಳನ್ನು ತೆರೆದೆ (ಎಡಿಎಂ ಎಂದರೆ ನೌಕಾಪಡೆಯ ಆಡಳಿತ ಕಚೇರಿಯಾದ ಅಡ್ಮಿರಾಲ್ಟಿಯ ದಾಖಲೆಗಳು). ಕ್ಲಾಸ್ಪ್ ವಿಷಯದಲ್ಲಿ ಇದು ಬಹಳ ಮುಖ್ಯ: ಕದನದಲ್ಲಿ ಭಾಗವಹಿಸದೆ ಚೀನಾ ಸಮುದ್ರದಲ್ಲಿ ಸೇವೆ ಮಾತ್ರ ಸಲ್ಲಿಸಿದವರಿಗೆ ಬರಿಯ ಪದಕ ಸಿಗುತ್ತಿತ್ತು. ಕ್ಯಾಂಟನ್ ಮೇಲೆ ಫಿರಂಗಿ ದಾಳಿ ಶುರುವಾದದ್ದು 1857ರ ಡಿಸೆಂಬರ್ 28ರಂದು. ವಹಿಯಲ್ಲಿ ಸರ್ಜನ್ ಅವರ ಹೆಸರಿನ ಮುಂದೆ ಆ ಕ್ಲಾಸ್ಪ್ ನಮೂದಾಗಿತ್ತು.

ಅಲ್ಲಿಗೇ ನಿಲ್ಲಿಸಲು ಮನಸ್ಸಾಗಲಿಲ್ಲ. ಎಡಿಎಂ 101ರಲ್ಲಿ ಹಡಗಿನ ವೈದ್ಯರು ಬರೆದಿಟ್ಟ ದಿನಚರಿಗಳಿವೆ. ಎಲ್ಲವೂ ಉಳಿದಿಲ್ಲ, ಇವರದೊಂದು ಉಳಿದಿತ್ತು. 1854ರ ಬೇಸಿಗೆಯಲ್ಲಿ ಬಾಲ್ಟಿಕ್‌ನ ನೌಕಾಪಡೆಗೆ ಕಾಲರಾ ತಗಲಿತ್ತು. ಕಾಲರಾ ನೀರಿನಿಂದ ಹರಡುತ್ತದೆ ಎಂದು ಜಾನ್ ಸ್ನೋ ಲಂಡನ್ನಿನಲ್ಲಿ ವಾದಿಸುತ್ತಿದ್ದ ವರ್ಷವೇ ಅದು. ಹೆಚ್ಚಿನ ವೈದ್ಯರು ಇನ್ನೂ ಕೆಟ್ಟ ಗಾಳಿಯನ್ನೇ ದೂರುತ್ತಿದ್ದರು. ರೋಗಿ ಯಾವಾಗ ಮಲಗಿದ, ಏನು ಕೊಟ್ಟೆ, ಯಾವಾಗ ಸತ್ತ ಎಂದು ಸಾಲುಸಾಲಾಗಿ ಬರೆದ ಆ ಪುಟಗಳ ಮುಂದೆ ಬೆಳ್ಳಿಯ ಬಿಲ್ಲೆ ನನಗೆ ಹಗುರವೆನಿಸಿತು. ಅತ್ಯುತ್ತಮ ದಿನಚರಿ ಬರೆದ ನೌಕಾ ವೈದ್ಯರಿಗಾಗಿ, ತಾವೂ ನೌಕಾಪಡೆಯ ವೈದ್ಯರಾಗಿದ್ದ ಗಿಲ್ಬರ್ಟ್ ಬ್ಲೇನ್ 1830ರಲ್ಲಿ ಚಿನ್ನದ ಪದಕ ಸ್ಥಾಪಿಸಿದ್ದರು. ಇವರಿಗೆ ಅದು ಸಿಗಲಿಲ್ಲ. ವೈದ್ಯನ ಕೆಲಸಕ್ಕೆ ಸಂದ ಗೌರವಗಳಲ್ಲಿ ನಾನು ಅದನ್ನೇ ದೊಡ್ಡದೆನ್ನುತ್ತೇನೆ.

ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಏಕೈಕ ನೌಕಾ ವೈದ್ಯ ವಿಲಿಯಂ ಜಾಬ್ ಮೇಲಾರ್ಡ್ ಅವರ ವಿಷಯದಲ್ಲಿ ಇಷ್ಟು ಹುಡುಕಾಟ ಬೇಕಿಲ್ಲ. 1898ರ ಸೆಪ್ಟೆಂಬರ್ 6ರಂದು ಕ್ರೀಟ್‌ನ ಕ್ಯಾಂಡಿಯಾದಲ್ಲಿ, ಸುರಕ್ಷಿತ ಜಾಗ ತಲುಪಿದ ಮೇಲೂ ಗಾಯಾಳು ನಾವಿಕನಿಗಾಗಿ ಗುಂಡಿನ ಮಳೆಯಲ್ಲಿ ದೋಣಿಗೆ ಮರಳಿದವರು ಅವರು. ಆ ಪದಕದಲ್ಲಿ ಹೆಸರನ್ನೂ ಘಟನೆಯ ದಿನಾಂಕವನ್ನೂ ಕೆತ್ತುವ ಪದ್ಧತಿಯೇ ಇದೆ.

ವರದಿಯಲ್ಲಿ ಹೀಗೆ ಬರೆದೆ: ಇವರು ಎರಡೂ ಪದಕಗಳಿಗೆ, ಕ್ಲಾಸ್ಪ್‌ಗೆ ಅರ್ಹರಾಗಿದ್ದುದು ದಾಖಲೆಗಳಿಂದ ಸಿದ್ಧ, ಇವೇ ಆ ಪದಕಗಳು ಎಂಬುದಕ್ಕೆ ಕುಟುಂಬದವರ ಮಾತೇ ಆಧಾರ. ಈಗಲಾದರೂ ಅಂಚಿನಲ್ಲಿ ಹೆಸರು ಕೆತ್ತಿಸೋಣವೇ ಎಂದು ಅವರು ಕೇಳಿದರು. ಖಂಡಿತ ಬೇಡ, ಉಜ್ಜಿ ಹೊಳಪು ಕೊಡುವುದೂ ಬೇಡ ಎಂದೆ. ದಿನಚರಿಯ ಪ್ರತಿ ತರಿಸಿ ಪದಕಗಳ ಜೊತೆಗೇ ಇಟ್ಟಿದ್ದಾರೆ.