ಡಿಪ್ರೆಶನ್ ಇರುವವ್ರನ್ನ ನೋಡ್ಕೊಳ್ಳೋದು ಹೇಗೆ: ಬೈಸ್ಟ್ಯಾಂಡರ್‌ಗಳಿಗೆ (ಪೇಶೆಂಟ್ ಜೊತೆ ನಿಲ್ಲುವವ್ರಿಗೆ), ಹೊಸ ಸಿಸ್ಟರ್‌ಗಳಿಗೆ

"ಧೈರ್ಯ ತಗೊಳ್ಳಿ, ನಿಮ್ಗೆಂತ ಕಮ್ಮಿ, ಮನೆ ಉಂಟು ತೋಟ ಉಂಟು" ಅನ್ನೋದನ್ನ ಮೊದ್ಲು ನಿಲ್ಸಿ ಮಾರಾಯ್ರೆ. ಅವ್ರಿಗೆ ಅದು ಕೇಳೋದು "ಎಲ್ಲ ಇದ್ದೂ ಹೀಗಿದ್ದೇನೆ, ನಾನೇ ಸರಿ ಇಲ್ಲ" ಅಂತ, ಆಮೇಲೆ ಬಾಯೇ ಬಿಡೋದಿಲ್ಲ. ಸುಮ್ನೆ ಹತ್ರ ಕೂತ್ಕೊಳ್ಳಿ, ಮಾತಾಡದಿದ್ರೂ ಅಡ್ಡಿಯಿಲ್ಲ, ಮತ್ತೆ ಯಾವಾಗ ಬರ್ತೇನೆ ಅಂತ ಹೇಳಿ ಹೋಗಿ, ಹೇಳಿದ ಟೈಮಿಗೆ ಬನ್ನಿ.

ನಮ್ಮ ಕಾಸರಗೋಡಲ್ಲಿ ಇನ್ನೊಂದು ಉಂಟು, ಪೇಶೆಂಟ್ ಮಾತಾಡೋದು ಕನ್ನಡವೋ ತುಳುವೋ, ಡ್ಯೂಟಿ ಸಿಸ್ಟರಿಗೆ ಬರೋದು ಮಲಯಾಳ ಮಾತ್ರ. ಆಗ ಗಂಡನನ್ನೋ ಅತ್ತೆಯನ್ನೋ ನಡುವೆ ನಿಲ್ಲಿಸಿ ಕೇಳಿದ್ರೆ ಒಳಗಿನ ಮಾತು ಬರ್ತದಾ? ಭಾಷೆ ಗೊತ್ತಿರೋ ಬೇರೆ ಸ್ಟಾಫನ್ನ ಕರೀರಿ, ಮನೆಯವ್ರು ಸ್ವಲ್ಪ ಹೊತ್ತು ಹೊರಗೆ ಕೂರ್ಲಿ.

"ನನ್ನಿಂದ ಯಾರಿಗೂ ಉಪಯೋಗ ಇಲ್ಲ" ಅಂದ್ರೆ ವಾದ ಬೇಡ, ಹೊಗಳಿಕೆಯೂ ಬೇಡ, ಸುಳ್ಳು ಹೊಗಳಿಕೆ ಅವ್ರಿಗೆ ಕೂಡ್ಲೆ ಗೊತ್ತಾಗ್ತದೆ. ಮುಗಿಸ್ಲಿಕ್ಕೆ ಆಗುವಷ್ಟೇ ಕೆಲ್ಸ ಕೊಡಿ, ಮುಖ ತೊಳ್ದು ಜಗಲಿಗೆ ಬರೋದು, ಒಂದು ಹಿಡಿ ಬಸಳೆ ಸೊಪ್ಪು ಬಿಡ್ಸೋದು. ಆದ್ಮೇಲೆ ಆದದ್ದನ್ನೇ ಹೇಳಿ: "ಇವತ್ತು ನೀವೇ ಎದ್ದು ಬಂದ್ರಿ". ಊಟಕ್ಕೆ "ಎಂತ ಬೇಕು" ಅಂತ ಕೇಳ್ಬೇಡಿ, ತೀರ್ಮಾನ ಮಾಡೋದೇ ಅವ್ರಿಗೆ ಕಷ್ಟ, "ಗಂಜಿಯಾ ದೋಸೆಯಾ" ಅಂದ್ರೆ ಸಾಕು. ನಿದ್ದೆ, ತೂಕ, ಮೋಶನ್ ಬರ್ದಿಡಿ.

ಮಾತ್ರೆ ಕೆಲ್ಸ ಶುರು ಮಾಡ್ಲಿಕ್ಕೆ ಸಾಧಾರಣ 2ರಿಂದ 4 ವಾರ ಬೇಕು, ಆದ್ರೆ ವಾಕರಿಕೆ ತಲೆನೋವೆಲ್ಲ ಮೊದ್ಲೇ ಬರ್ಬಹುದು, ಅದಕ್ಕೇ ತುಂಬ ಜನ ಐದಾರು ದಿನದಲ್ಲಿ ಬಿಟ್ಟುಬಿಡ್ತಾರೆ. ಇದನ್ನ ಮೊದ್ಲೇ ಹೇಳಿಡಿ. ಸ್ಟ್ರಿಪ್ ಪೇಶೆಂಟ್ ಕೈಯಲ್ಲಿ ಬೇಡ, ನುಂಗಿದ್ದನ್ನ ನೋಡಿಯೇ ಹೋಗಿ.

ಇನ್ನು ಎಲ್ರೂ ಹೆದರೋ ವಿಷ್ಯ. "ಸಾಯ್ಬೇಕು ಅನಿಸ್ತದಾ? ಹೇಗೆ ಅಂತ ಯೋಚ್ನೆ ಮಾಡಿದ್ದೀರಾ?" ಅಂತ ನೇರ ಕೇಳಿ. ಕೇಳಿದ್ರಿಂದ ಆ ಯೋಚ್ನೆ ಹುಟ್ಟೋದಿಲ್ಲ, ಎಷ್ಟೋ ಜನರಿಗೆ ಹೇಳ್ಕೊಂಡು ಹಗುರಾಗ್ತದೆ. ಹೌದು ಅಂದ್ರೆ ಒಬ್ರನ್ನೇ ಬಿಡ್ಬೇಡಿ, "ಯಾರಿಗೂ ಹೇಳೋದಿಲ್ಲ" ಅಂತ ಮಾತು ಕೊಡ್ಬೇಡಿ, ಅವತ್ತೇ ಡಾಕ್ಟ್ರಿಗೆ ತಿಳ್ಸಿ. ಅಡಿಕೆ ತೋಟದ ಮನೆ ಆದ್ರೆ ತೋಟಕ್ಕೆ ಹೊಡೆಯೋ ವಿಷದ ಔಷಧಿ ಡಬ್ಬಗಳನ್ನ ಕೊಟ್ಟಿಗೆಯಲ್ಲಿ ಬೀಗ ಹಾಕಿಡೋದಕ್ಕಿಂತ ಬೇರೆ ಮನೆಗೆ ಸಾಗ್ಸೋದು ಒಳ್ಳೇದು.

ಸ್ವಲ್ಪ ಹುಷಾರಾದ್ರು ಅಂತ ಕಾಣುವಾಗ ಕಾವಲು ಸಡ್ಲ ಮಾಡ್ಬೇಡಿ, ಮನಸ್ಸು ತಿಳಿಯಾಗೋ ಮೊದ್ಲೇ ಮೈಗೆ ಶಕ್ತಿ ಬಂದಿರ್ತದೆ, ಅಪಾಯ ಆಗ್ಲೇ ಜಾಸ್ತಿ. ರಾತ್ರಿ ಯಾರೂ ಸಿಗದಿದ್ರೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಉಂಟು, ನಂಬ್ರ 14416, ಫೋನಿಗೆ ದುಡ್ಡು ಬೀಳೋದಿಲ್ಲ, ಕನ್ನಡದಲ್ಲೂ ಮಾತಾಡ್ಬಹುದು, ನೋಡ್ಕೊಂಡು ಸುಸ್ತಾದ ಮನೆಯವ್ರೂ ಫೋನ್ ಮಾಡ್ಬಹುದು.