ಒಳಗೆ ಓಡಬೇಡಿ: ಕಲ್ಲಿದ್ದಲು ಗಣಿಯಲ್ಲಿ ಕಲಿತದ್ದು, ಬಾವಿ ಕಟ್ಟೆ ಮೇಲೆ ಬೇಕಾದದ್ದು

2021ರ ಜನವರಿ 21. ರಾತ್ರಿ ಹತ್ತೂಕಾಲು ದಾಟಿತ್ತು. ಶಿವಮೊಗ್ಗದ ನಮ್ಮ ಮನೆಯಲ್ಲಿ ಊಟ ಮುಗಿಸಿ ಹಾಸಿಗೆ ಬಿಡಿಸುತ್ತಿದ್ದೆ. ಕಿಟಕಿ ಗಾಜು ಗಡಗಡ ಅಂದಿತು, ಜೊತೆಗೇ ದೊಡ್ಡ ಸದ್ದು. ಬೀದಿಯವರೆಲ್ಲ ಭೂಕಂಪ ಅಂತ ಹೊರಗೆ ಬಂದರು. ನನಗೆ ಹಾಗನ್ನಿಸಲಿಲ್ಲ. ಇಪ್ಪತ್ತೊಂಬತ್ತು ವರ್ಷ ಧನಬಾದ್ ಕಡೆ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿದವನು ನಾನು. ಆ ಥರದ ಏಟು ಮೈಗೆ ಗೊತ್ತಾಗುತ್ತದೆ.

ಹುಣಸೋಡಿನ ಕ್ರಷರ್ ಹತ್ತಿರ ಬಂಡೆ ಸಿಡಿಸುವ ಜೆಲೆಟಿನ್ ಕಡ್ಡಿ ತುಂಬಿದ್ದ ಲಾರಿ ಸಿಡಿದಿತ್ತು. ಚಿಕ್ಕಮಗಳೂರು, ದಾವಣಗೆರೆ ಕಡೆಗೂ ಅದರ ನಡುಕ ಮುಟ್ಟಿತ್ತು. ಐದಾರು ಜೀವ ಹೋಯಿತು.

ಪಕ್ಕದ ಮನೆಯ ಹುಡುಗರು ಆಗಲೇ ಬೈಕ್ ಸ್ಟಾರ್ಟ್ ಮಾಡಿದ್ದರು. "ಯಾರಾದ್ರೂ ಬದುಕಿದ್ರೆ ಎತ್ಕೊಂಡು ಬರಬಹುದಲ್ವಾ ಅಂಕಲ್?" ಅಂದರು. ಒಳ್ಳೆ ಮನಸ್ಸಿನ ಹುಡುಗರು. ನಾನು ಕೈ ಹಾಕಿ ಕೀ ತೆಗೆದುಕೊಂಡೆ. ಸಿಡಿಯದೆ ಉಳಿದ ಕಡ್ಡಿ ಕತ್ತಲಲ್ಲಿ ಎಲ್ಲಿ ಬಿದ್ದಿದೆ ಅಂತ ಯಾರಿಗೆ ಗೊತ್ತು? ಕೊನೆಗೆ ಅಲ್ಲಿಗೆ ಬೆಂಗಳೂರಿನಿಂದ ಬಾಂಬ್ ನಿಷ್ಕ್ರಿಯ ದಳವೇ ಬರಬೇಕಾಯಿತು. ಹುಡುಗರಿಗೆ ನನ್ನ ಮೇಲೆ ಬೇಜಾರಾಗಿದ್ದಂತೂ ನಿಜ. ಆ ಬೇಜಾರು ನನಗೆ ಹೊಸದಲ್ಲ.

ನಾನು ಹುಟ್ಟಿದ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕೆಜಿಎಫ್‌ನ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಡಿಪ್ಲೊಮಾ ಮಾಡಿದೆ. ಚಿನ್ನದ ಗಣಿಯಲ್ಲಿ ಬಂಡೆ ಸಿಡಿಯುತ್ತದೆ, ಕಲ್ಲಿದ್ದಲಿನಲ್ಲಿ ಗಾಳಿಯೇ ಸಿಡಿಯುತ್ತದೆ ಅಂತ ಅಲ್ಲಿ ಹೇಳುತ್ತಿದ್ದರು. ಧನಬಾದ್ ಪಕ್ಕದ ಝರಿಯಾಕ್ಕೆ ಹೋದ ಮೇಲೆ ಆ ಮಾತು ಅರ್ಥವಾಯಿತು.

ಪಾಳಿ ಶುರುವಾಗುವ ಮುಂಚೆ ಗ್ಯಾಸ್ ನೋಡುವುದು ನನ್ನ ಕೆಲಸ. ಕೈಯಲ್ಲಿ ಸೇಫ್ಟಿ ಲ್ಯಾಂಪು, ಅಂದರೆ ಉರಿ ಹೊರಗೆ ದಾಟದ ಹಾಗೆ ಸುತ್ತ ಲೋಹದ ಬಲೆ ಇರುವ ದೀಪ. ಅದರ ಬತ್ತಿಯನ್ನು ಹಳದಿ ಬೆಳಕು ಹೋಗುವಷ್ಟು ಇಳಿಸಬೇಕು. ಆಮೇಲೆ ಉಸಿರು ಬಿಗಿ ಹಿಡಿದು, ಲ್ಯಾಂಪನ್ನು ನಿಧಾನಕ್ಕೆ ಮೇಲ್ಛಾವಣಿ ಕಡೆ ಎತ್ತಬೇಕು. ಕಲ್ಲಿದ್ದಲಿನಿಂದ ಬರುವ ಆ ಗ್ಯಾಸ್ ಮೀಥೇನ್. ಅದು ಗಾಳಿಗಿಂತ ಹಗುರ, ಮೇಲೆ ಹೋಗಿ ಕೂತಿರುತ್ತದೆ. ಗ್ಯಾಸ್ ಇದ್ದರೆ ಉರಿಯ ತುದಿಗೆ ಮಸುಕು ನೀಲಿ ಟೋಪಿ ಬರುತ್ತದೆ. ಗಡಿಬಿಡಿ ಮಾಡಿದವನಿಗೆ ಅದು ಕಾಣುವುದೇ ಇಲ್ಲ. ನನಗೆ ಮೊದಲ ಸಲ ಕಂಡಾಗ ಕಣ್ಣಿಗೇನೋ ಆಗಿದೆ ಅಂದುಕೊಂಡಿದ್ದೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಅದಕ್ಕೇ ಶೇ. 1.25 ದಾಟಿತು ಅಂದರೆ ಜನರನ್ನು ಹೊರಗೆ ಕಳಿಸಬೇಕು ಅಂತ ನಿಯಮ.

ಗ್ಯಾಸಿಗಿಂತ ನನಗೆ ಜಾಸ್ತಿ ಭಯ ಇದ್ದದ್ದು ಧೂಳಿನದು. ಚಿಕ್ಕದಾಗಿ ಗ್ಯಾಸ್ ಹೊತ್ತಿಕೊಂಡರೂ ಆ ಗಾಳಿಗೆ ನೆಲದ ಕಲ್ಲಿದ್ದಲಿನ ಧೂಳು ಎದ್ದು, ಅದೂ ಹೊತ್ತಿ, ಬೆಂಕಿ ಸುರಂಗದ ಉದ್ದಕ್ಕೂ ಓಡುತ್ತದೆ. 1965ರ ಮೇ 28ರಂದು ಧೋರಿ ಗಣಿಯಲ್ಲಿ 268 ಜನ ಸತ್ತರು. ಅದರ ಕತೆ ಹೇಳದೆ ನಮಗೆ ಯಾರೂ ಪಾಠ ಶುರು ಮಾಡುತ್ತಿರಲಿಲ್ಲ. ಧೂಳಿನ ಮೇಲೆ ಉರಿಯದ ಬಿಳಿ ಸುಣ್ಣಕಲ್ಲಿನ ಪುಡಿ ಎರಚುವುದು ಇದಕ್ಕೇ. ಎರಚಿ ಹೊರಗೆ ಬಂದರೆ ನಾವೆಲ್ಲ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಿದ್ದೆವು.

ಆಮೇಲೆ ರೆಸ್ಕ್ಯೂ ತರಬೇತಿ ತೆಗೆದುಕೊಂಡೆ. ಒಂದು ಸಲ ಪಕ್ಕದ ಗಣಿಯಲ್ಲಿ ಸ್ಫೋಟವಾಗಿ ನಮ್ಮ ತಂಡಕ್ಕೆ ಕರೆ ಬಂತು. ನಾವು ಐದು ಜನ, ಬೆನ್ನಿಗೆ ಆಮ್ಲಜನಕದ ಉಪಕರಣ. ನಮ್ಮ ಹಿಂದೆ, ಗಾಳಿ ಚೆನ್ನಾಗಿರುವ ಜಾಗದಲ್ಲಿ, ಇನ್ನೊಂದು ತಂಡ ಉಪಕರಣ ಕಟ್ಟಿಕೊಂಡು ಸುಮ್ನೆ ಕೂತಿರಬೇಕು. ನಮಗೇನಾದರೂ ಆದರೆ ಅವರು ಬರಬೇಕು.

ಒಳಗೆ ಒಬ್ಬರು ಮರದ ಕಂಬಕ್ಕೆ ಒರಗಿ ಕೂತಿದ್ದರು. ಮೈಮೇಲೆ ಒಂದು ಸುಟ್ಟ ಗಾಯ ಇಲ್ಲ. ತಲೆಯ ಲೈಟು ಇನ್ನೂ ಉರಿಯುತ್ತಿತ್ತು. ಮುಖ ಕೆಂಪಗೆ, ಬಿಸಿಲಲ್ಲಿ ನಡೆದು ಬಂದು ಕೂತವರ ಹಾಗೆ. ಅವರನ್ನು ಕೊಂದದ್ದು ಸ್ಫೋಟ ಅಲ್ಲ, ಅದು ಬಿಟ್ಟುಹೋದ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಆಮ್ಲಜನಕಕ್ಕಿಂತ ಇನ್ನೂರಕ್ಕೂ ಜಾಸ್ತಿ ಪಟ್ಟು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಅವರಿಂದ ಸ್ವಲ್ಪ ದೂರದಲ್ಲಿ ಇನ್ನಿಬ್ಬರು ಬಿದ್ದಿದ್ದರು. ಸ್ಫೋಟದ ಹೊತ್ತಿಗೆ ಅವರು ಬೇರೆ ಕಡೆ ಇದ್ದರಂತೆ. ಗೆಳೆಯನನ್ನು ಹುಡುಕಿಕೊಂಡು ಬಂದವರು.

ಆ ಇಬ್ಬರನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಗಂತ ಒಳಗಿದ್ದವರ ಆಸೆ ಬೇಗ ಬಿಡಬೇಕು ಅಂತಲೂ ನಾನು ಹೇಳುವುದಿಲ್ಲ. 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ 1,099 ಜನ ಸತ್ತ ಮೇಲೆ, ಇಪ್ಪತ್ತು ದಿನ ಕಳೆದು 13 ಜನ ಜೀವಂತ ಹೊರಗೆ ಬಂದರು. ಹುಡುಕಬೇಕು, ಹುಡುಕುತ್ತಲೇ ಇರಬೇಕು. ಆದರೆ ಗಾಳಿ ನೋಡಿಕೊಂಡು.

ನಿವೃತ್ತಿಯಾಗಿ ಈ ಕಡೆ ಬಂದ ಮೇಲೆ ಇದೆಲ್ಲ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಮಲೆನಾಡಿನಲ್ಲಿ ಕಲ್ಲಿದ್ದಲು ಎಲ್ಲಿದೆ? ಆದರೆ ಬಾವಿ ಇದೆ.

ಒಂದು ಏಪ್ರಿಲ್. ನೆಂಟರ ಅಡಿಕೆ ತೋಟಕ್ಕೆ ಹೋಗಿದ್ದೆ. ನೀರು ಕೆಳಗೆ ಹೋಗಿತ್ತು ಅಂತ ಡೀಸೆಲ್ ಪಂಪನ್ನು ಬಾವಿಯೊಳಗಿನ ಮೆಟ್ಟಿಲ ಕಟ್ಟೆಯ ಮೇಲೆ ಇಳಿಸಿ ಓಡಿಸಿದ್ದರು. ಎಂಜಿನ್ ನಿಂತಿತು. ಏನಾಯಿತು ನೋಡಲು ಕೆಲಸದ ಹುಡುಗನೊಬ್ಬ ಇಳಿದ, ಕುಸಿದುಬಿದ್ದ. ಕೂಗು ಕೇಳಿ ನಾನು ಹೋಗುವಷ್ಟರಲ್ಲಿ ಅವನ ತಮ್ಮ ಒಂದು ಕಾಲು ಕಟ್ಟೆಯಿಂದ ಒಳಗೆ ಹಾಕಿದ್ದ. ಹಿಂದಿನಿಂದ ಸೊಂಟ ಹಿಡಿದು ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. "ಬಿಡಿ ಅಯ್ಯಾ, ನಮ್ಮಣ್ಣ" ಅಂತ ಅವನು ನನ್ನ ಕೈ ಕಚ್ಚಿದ. ನಾನು ಬಿಡಲಿಲ್ಲ.

ಒಬ್ಬರು ದೀಪ ಇಳಿಸಿ ನೋಡೋಣ ಅಂದರು. ಬೇಡ ಅಂದೆ. ಉಸಿರಾಡುವ ಗಾಳಿ ಕಮ್ಮಿ ಇದ್ದರೆ ದೀಪ ಆರುತ್ತದೆ, ಸರಿ. ಆದರೆ ಎಂಜಿನ್ ಹೊಗೆಯ ಮೊನಾಕ್ಸೈಡ್ ಇದ್ದರೆ ದೀಪ ಚೆನ್ನಾಗಿಯೇ ಉರಿಯುತ್ತಿರುತ್ತದೆ, ಇಳಿದವನು ಸಾಯುತ್ತಾನೆ. ಒಲೆಗೆ ಊದುವ ಕರೆಂಟ್ ಬ್ಲೋವರ್ ತರಿಸಿದೆ. ತೋಟದ ಕರಿ ಪೈಪು ಅದಕ್ಕೆ ಕಟ್ಟಿ ಗಾಳಿಯನ್ನು ತಳಕ್ಕೆ ಬಿಟ್ಟೆವು. ಒಳಗಿನ ಗಾಳಿ ಕದಲಲಿ ಅಂತ ಹಸಿ ಸೊಪ್ಪಿನ ಕೊಂಬೆಗೆ ಹಗ್ಗ ಕಟ್ಟಿ ಮೇಲೆ ಕೆಳಗೆ ಆಡಿಸಿದೆವು. ಕೊಕ್ಕೆ ಇಳಿಸಿ ಅವನ ಬಟ್ಟೆಗೆ ಸಿಕ್ಕಿಸಲು ನೋಡಿದೆವು, ಸಿಗಲಿಲ್ಲ. ತರಬೇತಿ ಆದ ನಾನೂ ಇಳಿಯಲಿಲ್ಲ. ಉಪಕರಣ ಇಲ್ಲದಿದ್ದರೆ ನಾನೂ ಅವನ ಪಕ್ಕ ಬೀಳುವ ಇನ್ನೊಬ್ಬ, ಅಷ್ಟೇ. ಅಗ್ನಿಶಾಮಕದವರು ಬಂದು ಉಸಿರಾಟದ ಉಪಕರಣ ಕಟ್ಟಿಕೊಂಡು, ಅದರ ಮಾಸ್ಕ್ ಹಾಕಿಕೊಂಡು ಇಳಿದು ಎತ್ತಿದರು. ಅಣ್ಣ ಉಳಿಯಲಿಲ್ಲ.

ನಾನು ಹಿಡಿಯದೇ ಇದ್ದಿದ್ದರೆ ಅಣ್ಣ ಬದುಕುತ್ತಿದ್ದ ಅಂತ ಆ ತಮ್ಮ ಊರಲ್ಲೆಲ್ಲ ಹೇಳಿದ. ನಾನು ಎದುರು ಮಾತಾಡಲಿಲ್ಲ.

ಅದಾದ ಮೇಲೆ ಒಂದು ಗ್ಯಾಸ್ ಡಿಟೆಕ್ಟರ್ ಕೊಂಡೆ. ಅಂಗೈಯಷ್ಟು ದೊಡ್ಡದು. ಆಮ್ಲಜನಕ, ಮೊನಾಕ್ಸೈಡ್, ಮೀಥೇನ್, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್, ನಾಲ್ಕನ್ನೂ ತೋರಿಸುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ. 21ರ ಹತ್ತಿರ ಇರಬೇಕು, 19.5ಕ್ಕಿಂತ ಇಳಿದರೆ ಅದು ಕಿರುಚುತ್ತದೆ. ಬೇಸಿಗೆಯಲ್ಲಿ ಹೂಳು ತೆಗೆಯಲು ಹೋಗುವವರಿಗೆ ಕೊಡುತ್ತೇನೆ. ಹಗ್ಗಕ್ಕೆ ಕಟ್ಟಿ ಮೇಲೆ ಸ್ವಲ್ಪ ಹೊತ್ತು, ನಡುವೆ ಸ್ವಲ್ಪ ಹೊತ್ತು, ತಳದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಅಂತ ತೋರಿಸಿಕೊಡುತ್ತೇನೆ. ಅವಸರದಲ್ಲಿ ಇಳಿಸಿ ಎತ್ತಿದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಕೆಲಸ ನಡೆಯುವಾಗಲೂ ಅದು ಇಳಿದವನ ಎದೆಯ ಮೇಲೆ ಇರಬೇಕು. ಇಳಿಯುವವನ ಸೊಂಟ, ತೊಡೆ, ಹೆಗಲಿಗೆ ಬೆಲ್ಟು. ಅದರ ಹಗ್ಗ ಮೇಲೆ ಗಡಗಡೆಯಲ್ಲಿ. ಅವನು ಬಿದ್ದರೂ ಮೇಲಿನವರು ಅಲ್ಲಿಂದಲೇ ಎಳೆಯುವ ಹಾಗಿರಬೇಕು, ಇನ್ನೊಬ್ಬ ಇಳಿಯುವ ಹಾಗಿರಬಾರದು. ಎಂಜಿನ್ ಅಂತೂ ಬಾವಿಯೊಳಗೆ ಬೇಡವೇ ಬೇಡ.

ಹೋದ ಬೇಸಿಗೆಯಲ್ಲಿ ಆ ತಮ್ಮ ನಮ್ಮ ಮನೆಗೆ ಬಂದ. ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತ. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು ಮುಗಿಸುವ ತನಕ ಮಾತಾಡಲಿಲ್ಲ. ಆಮೇಲೆ, "ನಾಳೆ ಒಂದು ಬಾವಿ ಇದೆ ಅಯ್ಯಾ, ಆ ಮಿಷನ್ನು ಕೊಡ್ತೀರಾ" ಅಂದ. ತಂದು ಕೊಟ್ಟೆ. ಅವನು ಬಟನ್ ಒತ್ತಿ, 20.9 ಬರುವ ತನಕ ಕಾದು, ನನಗೆ ತೋರಿಸಿ ಜೇಬಿಗೆ ಇಟ್ಟುಕೊಂಡ.